ಕೆಳಗಿನಿಂದ ಹೆಣೆದ ಕಡಗ

ಇಪ್ಪತ್ತೆರಡು ವರ್ಷ ಬೇರೆಯವರು ಮಾಡಿದ ಬೆಳ್ಳಿಗೆ ಹೊಳಪು ಕೊಟ್ಟ ಮರ್ಲೀನ್, ಜನವರಿಯ ಒಂದು ಮಂಗಳವಾರ ಮಧ್ಯಾಹ್ನದ ಊಟಕ್ಕೂ ಮುಂಚೆ ಮನೆಗೆ ಬಂದುಬಿಟ್ಟಳು. ಅಡುಗೆಮನೆಯಲ್ಲಿ ಅವಳ ತಾಯಿ ಐಸಿಲ್ಡಾ ಹಸಿ ಬಾಳೆಕಾಯಿಯ ಸಿಪ್ಪೆ ಸೀಳುತ್ತ ಕೂತಿದ್ದಳು. ಮಗಳನ್ನು ನೋಡಿ ಗಡಿಯಾರ ನೋಡಿದಳು, ಮತ್ತೆ ಮಗಳನ್ನು ನೋಡಿದಳು.

"ಮೈ ಹುಷಾರಿಲ್ವಾ?"

"ಹುಷಾರಾಗಿದೀನಿ. ಕೆಲಸ ಬಿಟ್ಟು ಬಂದೆ."

"ಬಿಟ್ಟು ಬಂದ್ಯೋ, ಬಿಡಿಸಿದ್ರೋ?"

"ನಾನೇ ಬಿಟ್ಟೆ. ಏಪ್ರನ್ ಬಿಚ್ಚಿ ಬ್ರಾಕ್ಸ್‌ಟನ್ ಮೇಜಿನ ಮೇಲೆ ಇಟ್ಟು ಬಂದೆ."

ಐಸಿಲ್ಡಾ ಇನ್ನೊಂದು ಬಾಳೆಕಾಯಿ ತೆಗೆದುಕೊಂಡಳು.

ನಡೆದದ್ದು ಇಷ್ಟು. ಬರ್ಮಿಂಗ್‌ಹ್ಯಾಮಿನ ಒಡವೆ ಕೇರಿಯಲ್ಲಿ ಬ್ರಾಕ್ಸ್‌ಟನ್ ಮನೆತನದ್ದು ಹಳೆಯ ಕಾರ್ಖಾನೆ. ಕೆಳಗೆ ಅಂಗಡಿ, ಮೇಲೆ ಕೆಲಸದ ಕೋಣೆಗಳು. ಮರ್ಲೀನ್ ಸೇರಿದ ದಿನದಿಂದ ಹೊಳಪು ಚಕ್ರದ ಮುಂದೆಯೇ ಕೂತಿದ್ದಳು. ಬೆಸುಗೆಯ ಮೇಜಿಗೆ ಹಾಕಿ ಎಂದು ಮೂರು ಸಲ ಕೇಳಿದ್ದಳು. ಮೂರು ಸಲವೂ ನಿನ್ನಂಥ ಹೊಳಪಿನ ಕೈ ಬೇರೆ ಎಲ್ಲಿ ಸಿಕ್ಕೀತು ಎಂದು ಹೊಗಳಿ ಅಲ್ಲಿಯೇ ಕೂರಿಸಿದ್ದರು. ಬೆಸುಗೆ, ಅರ, ಇಕ್ಕಳಗಳ ಕೆಲಸವನ್ನು ಅವಳು ಸಂಜೆ ತರಗತಿಯಲ್ಲಿ ತನ್ನ ದುಡ್ಡಲ್ಲಿ ಕಲಿತಳು. ಬೆಳ್ಳಿ ತಂತಿಯನ್ನೂ ತಾನೇ ಕೊಂಡಳು. ಹಿಂದಿನ ಬೇಸಿಗೆಯಲ್ಲಿ ಒಂದು ಕಡಗ ಮಾಡಿದಳು. ಚಿಕ್ಕಂದಿನಲ್ಲಿ ಅಮ್ಮ ತನಗೆ, ಆಮೇಲೆ ತಾನು ಮಗಳಿಗೆ ಹಾಕುತ್ತಿದ್ದ ಸಾಲುಜಡೆಯಿತ್ತಲ್ಲ, ನೆತ್ತಿಗೆ ಅಂಟಿಕೊಂಡು ಗದ್ದೆಯ ಸಾಲಿನಂತೆ ಎದ್ದು ಸಾಗುವ ಜಡೆ, ಅದನ್ನೇ ಬೆಳ್ಳಿಯಲ್ಲಿ ಹೆಣೆದಳು. ಸಂಕೋಚದಿಂದಲೇ ಬ್ರಾಕ್ಸ್‌ಟನ್‌ಗೆ ತೋರಿಸಿದಳು. ಆತ ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಚೆನ್ನಾಗಿದೆ, ಆದರೆ ನಮ್ಮ ಗಿರಾಕಿಗಳು ಇಂಥದ್ದನ್ನು ಕೊಳ್ಳುವವರಲ್ಲ ಎಂದು ಹಿಂದಕ್ಕೆ ಕೊಟ್ಟ.

ಆ ಮಂಗಳವಾರ ಬೆಳಗ್ಗೆ ಅಂಗಡಿಯ ಕಿಟಕಿಯಲ್ಲಿ, ನೀಲಿ ಮಖಮಲ್ಲಿನ ಮೇಲೆ, ಅಂಥವೇ ಆರು ಕಡಗಗಳು ಕೂತಿದ್ದವು. ಮುಂದೆ ಒಂದು ಚೀಟಿ: 'ಸುಗ್ಗಿ ಜಡೆ. ಹಳೆಯ ಇಂಗ್ಲಿಷ್ ಹಳ್ಳಿಗಳ ಗೋಧಿ ಹುಲ್ಲಿನ ಹೆಣಿಗೆಯಿಂದ. ವಿನ್ಯಾಸ: ಫಿಲಿಪಾ ಬ್ರಾಕ್ಸ್‌ಟನ್.' ಫಿಲಿಪಾ ಮನೆಯ ಸೊಸೆ. ಮರ್ಲೀನ್ ಮೇಲೆ ಹೋಗಿ ಕೇಳಿದಳು. ಈ ಕಟ್ಟಡದಲ್ಲಿ ಹುಟ್ಟಿದ ಯೋಚನೆಗಳೆಲ್ಲ ಈ ಕಟ್ಟಡದವು, ಇದರಲ್ಲಿ ಬೇಜಾರು ಮಾಡಿಕೊಳ್ಳುವಂಥದ್ದೇನಿದೆ ಎಂದು ಬ್ರಾಕ್ಸ್‌ಟನ್ ಸಮಾಧಾನ ಹೇಳಿದ. ಆ ಸಮಾಧಾನವನ್ನು ಕೇಳಿಯೇ ಅವಳು ಏಪ್ರನ್ ಬಿಚ್ಚಿದ್ದು.

ಸಂಜೆ ಊಟಕ್ಕೆ ಕೂತಾಗ ಗಂಡ ಎವರಾಲ್ಡ್‌ಗೂ ಮಗಳು ಕಿಜಾಯಾಗೂ ವಿಷಯ ಗೊತ್ತಾಯಿತು. ಎವರಾಲ್ಡ್ ಬಸ್ಸಿನ ಡ್ರೈವರ್. ಊರಿನ ಸುತ್ತ ಉಂಗುರದ ಹಾಗೆ ತಿರುಗುವ ಬಸ್ಸನ್ನು ಇಪ್ಪತ್ತು ವರ್ಷ ಓಡಿಸಿ ಅವನ ಎಡ ಮಂಡಿ ಸವೆದಿತ್ತು. ಈ ವರ್ಷದಿಂದ ಭಾನುವಾರದ ಪಾಳಿ ಬಿಡುತ್ತೇನೆಂದು ಡಿಪೋದಲ್ಲಿ ಹೇಳಿ ಇನ್ನೂ ವಾರವಾಗಿರಲಿಲ್ಲ. ಅವನು ಬಾಳೆಕಾಯಿಯ ಹೋಳನ್ನು ಉಪ್ಪುಮೀನಿನ ಜೊತೆ ಮೆಲ್ಲಗೆ ಅಗಿದು ನುಂಗಿದ.

"ಅಂದ್ರೆ ಭಾನುವಾರ ನಾನು ಮತ್ತೆ ಬಸ್ಸು ಹತ್ತಬೇಕು," ಎಂದ.

"ಸ್ವಲ್ಪ ದಿನ," ಎಂದಳು ಮರ್ಲೀನ್.

"ಮುಂದೇನ್ ಮಾಡ್ತೀಯಾ?"

"ಅದೇ ಕಡಗ. ನನ್ನ ಹೆಸರಲ್ಲಿ."

"ಎಲ್ಲಿ ಕೂತ್ಕೊಂಡು?"

ಮರ್ಲೀನ್ ಊಟದ ಮೇಜನ್ನೇ ನೋಡಿದಳು. ಉಳಿದ ಮೂವರೂ ಅವಳ ಕಣ್ಣು ಹೋದಲ್ಲಿಗೆ ನೋಡಿದರು.

ಹೀಗೆ ಅಡುಗೆಮನೆಯಲ್ಲಿ ಕೆಲಸ ಶುರುವಾಯಿತು. ಬೆಳಗಿನ ತಟ್ಟೆಗಳನ್ನು ತೊಳೆದು ಮೇಜು ಒರೆಸಿದ ಮೇಲೆ ಇಕ್ಕಳ, ಅರ, ತಂತಿಯ ಸುರುಳಿಗಳು ಹೊರಬರುತ್ತಿದ್ದವು. ಐಸಿಲ್ಡಾ ಅಡುಗೆಗೆ ಬರುವ ಹೊತ್ತಿಗೆ ಒಳಹೋಗಬೇಕು. ಬೆಸುಗೆಯ ಉರಿ ಹಚ್ಚಿದಾಗ ಐಸಿಲ್ಡಾ ಹಿಂಬಾಗಿಲು ತೆಗೆದಿಟ್ಟು ಶಾಲು ಹೊದ್ದು ನಿಲ್ಲುತ್ತಿದ್ದಳು, ಮನೆಗೆ ಬೆಂಕಿ ಬಿದ್ದರೆ ಓಡಲು ಸಿದ್ಧಳಾದವಳ ಹಾಗೆ. ಮೊದಲ ಎರಡು ಕಡಗಗಳನ್ನು ಕಿಜಾಯಾ ತನ್ನ ಕೈಗೇ ಹಾಕಿಕೊಂಡಳು. ಹತ್ತೊಂಬತ್ತರ ಹುಡುಗಿ, ನರ್ಸಿಂಗ್ ಓದುತ್ತ, ಶನಿವಾರ ಸೋಹೋ ರಸ್ತೆಯ ಒಂದು ಕೇಶದಂಗಡಿಯಲ್ಲಿ ಜಡೆ ಹಾಕುತ್ತಿದ್ದಳು. ಅಲ್ಲಿ ತಲೆ ಒಪ್ಪಿಸಿ ನಾಲ್ಕು ತಾಸು ಕೂರುವ ಹೆಂಗಸರಿಗೆ ತಮ್ಮ ಜಡೆ ಹಾಕುವವಳ ಕೈ ಬಿಟ್ಟರೆ ಬೇರೆ ನೋಡಲಿಕ್ಕೇನಿತ್ತು? ಎರಡೇ ಶನಿವಾರದಲ್ಲಿ ಐದು ಮಂದಿ ಕೇಳಿದರು.

ಮೂರನೇ ಭಾನುವಾರ ತೊಂದರೆಯಾಯಿತು. ಚರ್ಚಿನಿಂದ ಬಂದು ಎಲ್ಲರೂ ಕೂತಿದ್ದರು. ಎವರಾಲ್ಡ್‌ಗೆ ಆ ದಿನ ಮಧ್ಯಾಹ್ನದ ನಂತರದ ಪಾಳಿ. ಕೋಳಿಯ ಜೊತೆ ತೆಂಗಿನಹಾಲಿನ ಕಾಳನ್ನ. ಎರಡನೇ ತುತ್ತಿಗೆ ಅವನ ದವಡೆ ಕಟಕ್ಕೆಂದಿತು. ಬಾಯಿಂದ ತೆಗೆದು ತಟ್ಟೆಯ ಅಂಚಿಗಿಟ್ಟ. ಉಗುರಿನಷ್ಟುದ್ದದ ಬೆಳ್ಳಿ ತಂತಿಯ ತುಂಡು.

ಐಸಿಲ್ಡಾ ಬಟ್ಟಲನ್ನೇ ಎತ್ತಿಕೊಂಡು ಹೋಗಿ ಅಷ್ಟೂ ಅನ್ನವನ್ನು ಕಸದ ಡಬ್ಬಿಗೆ ಸುರಿದು ಬಂದಳು. ಐವತ್ತು ವರ್ಷದಲ್ಲಿ ಆ ಮನೆಯಲ್ಲಿ ಭಾನುವಾರದ ಅನ್ನ ಚೆಲ್ಲಿದ್ದು ಅದೇ ಮೊದಲು.

"ನನ್ನ ಅಡುಗೆಮನೆಯಲ್ಲಿ ಇನ್ಮೇಲೆ ಇದು ಬೇಡ," ಎಂದಳು.

"ಹಾಗಾದ್ರೆ ಮುಂದಿನ ಕೋಣೆ ಕೊಡಮ್ಮ," ಎಂದಳು ಮರ್ಲೀನ್. "ದೊಡ್ಡ ಕಿಟಕಿ ಇದೆ. ಬೆಳಕಿದೆ. ಯಾರೂ ಕೂರಲ್ಲ."

ಕಿಜಾಯಾ ಚಮಚ ಕೆಳಗಿಟ್ಟಳು. ಎವರಾಲ್ಡ್ ಕೊರಳಿನ ಟೈ ಸರಿಮಾಡಿಕೊಂಡ. ಮುಂದಿನ ಕೋಣೆಯ ಮಾತನ್ನು ಆ ಮನೆಯಲ್ಲಿ ಯಾರೂ ಎತ್ತಿದವರಲ್ಲ. ಜಮೈಕಾದಿಂದ ಇಪ್ಪತ್ತೆರಡರ ವಯಸ್ಸಿನಲ್ಲಿ ಬಂದ ಐಸಿಲ್ಡಾ, ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸದಲ್ಲಿ ಮೂವತ್ತು ವರ್ಷ ಕಳೆದು, ಒಂದೊಂದಾಗಿ ತುಂಬಿಸಿದ ಕೋಣೆ ಅದು. ಪ್ಲಾಸ್ಟಿಕ್ ಹೊದಿಕೆ ಇನ್ನೂ ಬಿಚ್ಚದ ಕೆಂಪು ಸೋಫಾ, ಗಾಜಿನ ಕಪಾಟು, ರೆಕಾರ್ಡ್ ಹಾಕುವ ದೊಡ್ಡ ಹಾಡಿನ ಪೆಟ್ಟಿಗೆ, ಸಕ್ಕರೆ ನೀರಲ್ಲಿ ಅದ್ದಿ ಗರಿಗರಿ ಮಾಡಿದ ಕಸೂತಿ ಹಾಸುಗಳು, ಕಿಟಕಿಗೆ ಬಿಳಿ ಜಾಲರಿ ಪರದೆ. ಪಾದ್ರಿ ಬಂದರೆ ಅಲ್ಲಿ ಕೂರಬಹುದು. ಬೇರೆಯವರಿಗೆ ಬಾಗಿಲಿನಿಂದ ನೋಡುವುದಷ್ಟೇ.

"ಬಾಡಿಗೆ ಕೋಣೆಯ ಬಾಗಿಲು ತಟ್ಟಿದ್ರೆ, ಕರಿಯರಿಗೆ ಇಲ್ಲ ಅಂತ ನನ್ನ ಮುಖಕ್ಕೇ ಮುಚ್ಚಿದ್ರು," ಎಂದಳು ಐಸಿಲ್ಡಾ. "ಅವತ್ತು ಅಂದ್ಕೊಂಡೆ, ನನಗೂ ಒಂದು ಕೋಣೆ ಇರ್ಬೇಕು, ನಾನು ಕರೆದೋರು ಮಾತ್ರ ಅಲ್ಲಿ ಕೂರ್ಬೇಕು ಅಂತ. ನನ್ನ ಹೆಣದ ಪೆಟ್ಟಿಗೆ ಆ ಕೋಣೆಯಿಂದ ಹೊರಡೋವರೆಗೂ ಅದು ಹಾಗೇ ಇರತ್ತೆ."

"ಸತ್ತ ಮೇಲೆ ಉಪಯೋಗಿಸೋಕೆ ಕೋಣೆ ಇಟ್ಕೊಂಡಿದೀಯಾ. ನಾನು ಬದುಕಿದೀನಲ್ಲ, ನನಗೆ ಕೊಡು."

"ಮರ್ಲೀನ್," ಎಂದು ಎವರಾಲ್ಡ್ ತಡೆದ.

ಆ ವಾರವೇ ಅವನು ಹಿತ್ತಿಲಿನ ಶೆಡ್ಡನ್ನು ಖಾಲಿ ಮಾಡಿ ಒಂದು ಗಟ್ಟಿ ಮೇಜು ಹಾಕಿಕೊಟ್ಟ. ಜಗಳ ನಿಂತಿತು, ಕೆಲಸ ಮಾತ್ರ ಸಾಗಲಿಲ್ಲ. ಫೆಬ್ರವರಿಯ ಚಳಿಗೆ ಬೆರಳು ಮರಗಟ್ಟುತ್ತಿತ್ತು. ಬೆಳಕು ಸಾಲದೆ ಬೆಸುಗೆಯ ಬಣ್ಣ ತಿಳಿಯದೆ ಎರಡು ಕಡಗಗಳು ಕರಗಿ ಗಂಟಾದವು. ಮರ್ಲೀನ್ ಎರಡು ಕೋಟು ಹಾಕಿಕೊಂಡು, ಬೆರಳ ತುದಿ ಕತ್ತರಿಸಿದ ಕೈಗವಸು ಹಾಕಿಕೊಂಡು ಕೂತಳು. ಐಸಿಲ್ಡಾ ದಿನಕ್ಕೆರಡು ಸಲ ಶುಂಠಿ ಟೀ ಮಾಡಿ ಶೆಡ್ಡಿನ ಹೊಸ್ತಿಲ ಮೇಲಿಟ್ಟು ಹೋಗುತ್ತಿದ್ದಳು. ಒಳಗೆ ಬರುತ್ತಿರಲಿಲ್ಲ, ಬಾಗಿಲು ತಟ್ಟುತ್ತಲೂ ಇರಲಿಲ್ಲ. ಮರ್ಲೀನ್‌ಗೆ ಗೊತ್ತಾಗುವಷ್ಟರಲ್ಲಿ ಟೀ ಆರಿಹೋಗಿರುತ್ತಿತ್ತು. ಆದರೂ ಅವಳು ಬಿಡದೆ ಕುಡಿಯುತ್ತಿದ್ದಳು.

ಮಾರ್ಚಿನ ಹೊತ್ತಿಗೆ ಕೇಶದಂಗಡಿಯಿಂದ ಹನ್ನೊಂದು ಕಡಗ ಹೋಗಿದ್ದವು. ಮೊಹರು ನೋಂದಾಯಿಸುವ ಅರ್ಜಿ ತಂದು ಮರ್ಲೀನ್ ಊಟದ ಮೇಜಿನ ಮೇಲೆ ಬರೆದಳು. ಬೆಳ್ಳಿ ಕೆಲಸದವರು ತಾವು ಮಾಡಿದ್ದಕ್ಕೆ ಒತ್ತುವ ಅಕ್ಷರಗಳವು. ಯಾರು ಮಾಡಿದ್ದೆಂಬುದಕ್ಕೆ ಅದೇ ಸಾಕ್ಷಿ. ಅವಳು ಗಂಡನ ಮನೆಯ ಟುಲಕ್ ಬಿಟ್ಟು ತವರಿನ ಪಿನಕ್ ಎಂಬ ಹೆಸರು ಹಾಕಿದ್ದನ್ನು ಎವರಾಲ್ಡ್ ಎದುರು ಕೂತು ತಲೆಕೆಳಗಾಗಿಯೇ ಓದಿದ.

"ಎಂ. ಪಿ.," ಎಂದ. "ಪಾರ್ಲಿಮೆಂಟಿಗೆ ನಿಲ್ತಿದೀಯಾ? ಓಟು ಹಾಕೋಕೂ ನಾನು ಸಿಕ್ಕಲ್ಲ, ಭಾನುವಾರ ಬಸ್ಸಲ್ಲಿರ್ತೀನಿ."

"ಜಡೆ ಹಾಕೋದು ಕಲಿತಾಗ ನಾನು ಪಿನಕ್ ಆಗಿದ್ದೆ. ಅದಕ್ಕೆ."

ಅವನು ನಕ್ಕ, ಆದರೆ ಪೂರ್ತಿ ನಗಲಿಲ್ಲ. ಒಲೆಯ ಹತ್ತಿರ ನಿಂತಿದ್ದ ಐಸಿಲ್ಡಾ ಬೆನ್ನು ತಿರುಗಿಸಿಕೊಂಡೇ ಇದ್ದಳು, ಆದರೆ ಸೌಟು ಆಡುವುದು ನಿಂತಿತ್ತು.

ಮೊಹರು ಕೈಗೆ ಬಂದ ಮರುವಾರವೇ ಕಾಗದವೂ ಬಂತು. ಬ್ರಾಕ್ಸ್‌ಟನ್‌ನ ವಕೀಲರದ್ದು. ಸುಗ್ಗಿ ಜಡೆಯ ವಿನ್ಯಾಸ ತಮ್ಮ ಕಕ್ಷಿದಾರರ ಸ್ವತ್ತೆಂದೂ, ಹಳೆಯ ನೌಕರಳಾದ ನೀವು ಅದನ್ನು ನಕಲು ಮಾಡಿ ಮಾರುತ್ತಿರುವುದನ್ನು ಕೂಡಲೇ ನಿಲ್ಲಿಸತಕ್ಕದ್ದೆಂದೂ, ಅದು ನಿಮ್ಮ ಸ್ವಂತದ್ದೆಂದಾದರೆ ಹದಿನಾಲ್ಕು ದಿನದೊಳಗೆ ಆಧಾರ ಒದಗಿಸಬೇಕೆಂದೂ ಬರೆದಿತ್ತು. ಕಿಜಾಯಾ ಶುಕ್ರವಾರದ ಊಟಕ್ಕೆ ಮುಂಚೆ ಅದನ್ನು ಗಟ್ಟಿಯಾಗಿ ಓದಿದಳು. ಮೀನು ಕರಿದು ತಟ್ಟೆಯಲ್ಲಿತ್ತು, ಯಾರೂ ಮುಟ್ಟಲಿಲ್ಲ.

ಎವರಾಲ್ಡ್ ತನಗೆ ತಿಳಿದಂತೆ ಬುದ್ಧಿ ಹೇಳಿದ. ವಕೀಲರನ್ನು ಸಾಕುವವರ ಜೊತೆ ನಾವು ಜಟಾಪಟಿಗೆ ಬೀಳಬಾರದು. ಕೈಯಲ್ಲಿ ಕಸುಬಿದೆ, ಬೇರೆ ಏನಾದರೂ ಮಾಡಿದರಾಯಿತು. ಎಲೆ, ಹೂವು, ಸಮುದ್ರದ ಚಿಪ್ಪು, ಲೋಕದಲ್ಲಿ ಆಕಾರಗಳಿಗೇನು ಬರವೇ.

"ಅವರು ಕದ್ದಿದ್ದಕ್ಕೆ ನಾನ್ ಯಾಕೆ ಬೇರೆ ಹುಡುಕಬೇಕು?" ಎಂದಳು ಮರ್ಲೀನ್. "ನಾನು ನಿಲ್ಲಿಸಲ್ಲ. ಬೇಕಾದ್ರೆ ಜೈಲಿಗೆ ಹಾಕ್ಲಿ."

"ಜೈಲಿಗೆ ನೀನ್ ಹೋಗು. ಬಸ್ಸು ಯಾರು ಓಡಿಸ್ಬೇಕು? ನಾನು. ಈ ಕಾಲಲ್ಲಿ." ಅವನು ಮಂಡಿಯ ಮೇಲೆ ಬಡಿದುಕೊಂಡ. "ಎರಡು ತಿಂಗಳಿಂದ ನಾನು ಭಾನುವಾರ ಬಿಸಿ ಅನ್ನ ಉಂಡಿಲ್ಲ ಮರ್ಲೀನ್. ಅದನ್ನ ಒಂದ್ ಸಲಾನಾದ್ರೂ ಹೇಳಿದೀನಾ?"

ಅವನು ಹೇಳಿರಲಿಲ್ಲ, ನಿಜ.

ಅಷ್ಟರಲ್ಲಿ ಐಸಿಲ್ಡಾ ಆ ಕಾಗದವನ್ನು ಮತ್ತೆ ಓದಲು ಹೇಳಿದಳು. ಕಿಜಾಯಾ ಓದಿದಳು. "ಅವರು ಈ ಹೆಣಿಗೆ ಎಲ್ಲಿಂದ ಬಂತು ಅಂತಾರೆ?" ಎಂದು ಐಸಿಲ್ಡಾ ಕೇಳಿದಳು.

"ಗೋಧಿ ಹುಲ್ಲಿಂದ, ಅಜ್ಜಿ."

"ಮತ್ತೆ ಆಧಾರ ಬೇಕಂತಾ?"

"ಹೌದು."

"ನಾಳೆ ನಿನ್ನ ಜಡೆ ಬಿಚ್ಕೊಂಡ್ ಬಾ," ಎಂದು ಐಸಿಲ್ಡಾ ಮೀನಿನ ತಟ್ಟೆಯನ್ನು ಮುಂದಕ್ಕೆ ತಳ್ಳಿದಳು. "ಈಗ ಊಟ ಮಾಡಿ. ಆರಿದ ಮೀನು ಬೆಕ್ಕಿಗೂ ಬೇಡ."

ಮರುದಿನ, ಶನಿವಾರ, ಬೆಳಗ್ಗೆ ಹನ್ನೊಂದಕ್ಕೆ ಮೂರು ತಲೆಮಾರು ಬ್ರಾಕ್ಸ್‌ಟನ್ ಅಂಗಡಿಯ ಬಾಗಿಲು ದಾಟಿತು. ಐಸಿಲ್ಡಾ ಚರ್ಚಿನ ನೇರಳೆ ಹ್ಯಾಟು ಹಾಕಿದ್ದಳು, ಕಿಜಾಯಾ ಕೇಶದಂಗಡಿಗೆ ರಜೆ ಹೇಳಿ ಜಡೆ ಬಿಚ್ಚಿಕೊಂಡು ಬಂದಿದ್ದಳು. ಅಂಗಡಿ ತುಂಬಿತ್ತು, ಮದುವೆಯ ಉಂಗುರ ನೋಡುವ ಜೋಡಿಗಳು, ಕಿವಿಯೋಲೆ ಸರಿಮಾಡಿಸಲು ಬಂದ ಮುದುಕಿಯೊಬ್ಬಳು. ಐಸಿಲ್ಡಾ ಕಾಲುನೋವೆಂದು ಕುರ್ಚಿ ಕೇಳಿದಳು. ಹುಡುಗಿಯೊಬ್ಬಳು ಮಖಮಲ್ಲಿನ ಕುರ್ಚಿ ತಂದಿಟ್ಟಳು. ಐಸಿಲ್ಡಾ ಕೂತು, ಕೈಚೀಲದಿಂದ ಬಾಚಣಿಗೆ ತೆಗೆದು, ಮೊಮ್ಮಗಳನ್ನು ಕಾಲ ಬಳಿ ಜಮಖಾನೆಯ ಮೇಲೆ ಕೂರಿಸಿಕೊಂಡು, ಅವಳ ಕೂದಲಿಗೆ ಬೈತಲೆ ತೆಗೆಯತೊಡಗಿದಳು.

ಮಾತುಗಳು ಒಂದೊಂದಾಗಿ ನಿಂತವು. ಎಂಬತ್ತಕ್ಕೆ ಹತ್ತಿರವಾದ ಆ ಬೆರಳುಗಳು ನೆತ್ತಿಯಿಂದ ಹಿಂದಕ್ಕೆ ಒಂದು ಸಾಲು ಎಬ್ಬಿಸಿಕೊಂಡು ಹೋದವು. ಫಿಲಿಪಾ ಓಡಿಬಂದಳು, ಅವಳ ಹಿಂದೆ ಮೆಟ್ಟಿಲಿಳಿದು ಬ್ರಾಕ್ಸ್‌ಟನ್ ಬಂದ. ಇದು ಅಂಗಡಿ, ಕ್ಷೌರದ ಜಾಗವಲ್ಲ, ದಯವಿಟ್ಟು ಹೊರಡಿ ಎಂದ. ಐಸಿಲ್ಡಾ ತಲೆಯೆತ್ತಲಿಲ್ಲ.

"ಆಧಾರ ಕೇಳಿ ಕಾಗದ ಬರೆದಿದ್ರಲ್ಲ. ತಂದಿದೀನಿ. ಮುಗಿಯೋಕೆ ಅರ್ಧ ಗಂಟೆ ಬೇಕು, ಕೂತ್ಕೊಳಿ," ಎಂದಳು. "ಇದನ್ನ ನಮ್ಮಜ್ಜಿ ನನಗೆ ಕಲಿಸಿದ್ದು. ಅವಳಿಗೆ ಅವಳಜ್ಜಿ. ಅವಳನ್ನ ನಿಮ್ಮೋರು ಕಬ್ಬಿನ ಗದ್ದೆಗೆ ಹೊಡ್ಕೊಂಡು ಹೋಗ್ವಾಗ ಮೈಮೇಲೆ ಬಟ್ಟೆ ಸರಿಯಾಗಿರ್ಲಿಲ್ಲ, ತಲೆ ಮೇಲೆ ಜಡೆ ಮಾತ್ರ ಇತ್ತು. ಅದೊಂದು ಉಳಿದಿತ್ತು. ಅದಕ್ಕೂ ನಿಮ್ಮ ಸೊಸೆ ಹೆಸರು ಹಾಕಿದೀರಿ."

ಮರ್ಲೀನ್ ಮನೆಯಿಂದ ಹೊರಡುವಾಗ ಏನು ಮಾತಾಡಬೇಕೆಂದು ಯೋಚಿಸಿರಲೇ ಇಲ್ಲ. ಈಗ ಕೈಯಿಂದ ಕಡಗ ತೆಗೆದು ಗಾಜಿನ ಪೆಟ್ಟಿಗೆಯ ಮೇಲಿಟ್ಟಳು. ಕಿಟಕಿಯಲ್ಲಿರುವ ಒಂದನ್ನು ತಂದು ಅದರ ಪಕ್ಕಕ್ಕಿಡುವಂತೆ ಕುರ್ಚಿ ತಂದ ಹುಡುಗಿಗೆ ಹೇಳಿದಳು. ಹುಡುಗಿ ಯಜಮಾನನ ಮುಖ ನೋಡದೆ ತಂದಿಟ್ಟಳು.

"ಸಾಲುಜಡೇನ ಎಳೆ ಮೇಲೆ ಎಳೆ ಹಾಕಿ ಹೆಣೆಯಲ್ಲ, ಎಳೆ ಕೆಳಗೆ ಎಳೆ ತೂರಿಸ್ತಾರೆ," ಎಂದಳು ಮರ್ಲೀನ್. "ಅದಕ್ಕೇ ಅದು ಎದ್ದು ನಿಲ್ಲೋದು. ನಮ್ಮಮ್ಮನ ಕೈ ನೋಡಿ. ಇದು ನನ್ನದು, ಎದ್ದಿದೆ. ಇದು ನಿಮ್ಮದು, ಮಲಗಿದೆ. ಹೊರಗಿಂದ ನೋಡಿ ಮಾಡಿದ್ರೆ ಹೀಗೇ ಆಗೋದು."

ಕಿವಿಯೋಲೆಯ ಮುದುಕಿ ಕನ್ನಡಕ ಏರಿಸಿಕೊಂಡು ಬಂದು ಎರಡು ಕಡಗಗಳ ಮೇಲೂ ಬೆರಳು ಸವರಿದಳು. ಆಮೇಲೆ ಬಗ್ಗಿ ಕಿಜಾಯಾಳ ತಲೆ ನೋಡಿದಳು. ಹೌದಲ್ಲ, ಎಂದಳು ಅಷ್ಟೆ. ಫಿಲಿಪಾಳ ಮುಖ ಕೆಂಪಾಯಿತು. ಇದು ಇವಳದೆಂದು ನನಗೆ ಯಾಕೆ ಹೇಳಲಿಲ್ಲ ಎಂದು ಅವಳು ಮಾವನನ್ನು ಕೇಳಿದಳು. ಆತ ಮೆಟ್ಟಿಲ ಕಡೆ ತಿರುಗಿದ. ಐಸಿಲ್ಡಾ ಅಷ್ಟೂ ಸಾಲು ಮುಗಿಸಿ, ಬಾಚಣಿಗೆಯಲ್ಲಿ ಸಿಕ್ಕ ಕೂದಲನ್ನು ತೆಗೆದು ಚೀಲಕ್ಕೆ ಹಾಕಿಕೊಂಡು, ಹ್ಯಾಟು ನೆಟ್ಟಗೆ ಮಾಡಿಕೊಂಡು ಎದ್ದಳು.

ಮನೆಗೆ ಬಂದವಳು ಕೋಟು ಬಿಚ್ಚದೆಯೇ ಮುಂದಿನ ಕೋಣೆಗೆ ಹೋದಳು. ಸ್ವಲ್ಪ ಹೊತ್ತಿನಲ್ಲಿ ಅಲ್ಲಿಂದ ಕುರ್ಚಿ ಎಳೆಯುವ ಸದ್ದು ಬಂತು. ಮರ್ಲೀನ್ ಓಡಿಹೋಗಿ ನೋಡಿದರೆ, ತಾಯಿ ಕುರ್ಚಿ ಹತ್ತಿ ಜಾಲರಿ ಪರದೆ ಕೀಳುತ್ತಿದ್ದಳು.

"ಬೀಳ್ತೀಯಾ, ಇಳಿ."

"ಎವರಾಲ್ಡ್ ಬಂದ್ಮೇಲೆ ಹಾಡಿನ ಪೆಟ್ಟಿಗೆ ಶೆಡ್ಡಿಗೆ ಹಾಕ್ಸು. ಮೇಜು ಇಲ್ಲಿಗೆ ಬರ್ಲಿ, ಕಿಟಕಿಗೆ ಸರಿಯಾಗಿ. ರಸ್ತೇಲಿ ಹೋಗೋರಿಗೆ ನೀನ್ ಮಾಡೋದು ಕಾಣ್ಬೇಕು. ಸೋಫಾ ಅಲ್ಲಾಡಿಸ್ಬೇಡಿ. ಭಾನುವಾರ ಬೆಂಕಿ ಹಚ್ಚಕೂಡದು. ಚಪ್ಪಲಿ ಹೊರಗೆ." ಅವಳು ಪರದೆಯನ್ನು ಮಗಳ ಕೈಗೆ ಹಾಕಿದಳು. "ಒಗೆದಿಡು. ನನ್ನ ಪೆಟ್ಟಿಗೆ ಹೊರಡೋ ದಿನ ಮತ್ತೆ ಹಾಕು."

ಪಾಳಿ ಮುಗಿಸಿ ಬಂದ ಎವರಾಲ್ಡ್ ಹಾಡಿನ ಪೆಟ್ಟಿಗೆಯನ್ನು ಹೊತ್ತು ಒಯ್ಯುವಾಗ ಮಂಡಿ ಹಿಡಿದುಕೊಂಡು ಎರಡು ಸಲ ನಿಂತ. ಮರ್ಲೀನ್ ಇನ್ನೊಂದು ತುದಿ ಹಿಡಿದಳು. ಮುಂದಿನ ಭಾನುವಾರದಿಂದ ಅವನ ಪಾಲಿನ ಅನ್ನ, ಕೋಳಿಯನ್ನು ಬಿಸಿ ಡಬ್ಬಿಯಲ್ಲಿ ಕಟ್ಟಿಕೊಂಡು, ಅವನ ಬಸ್ಸು ಬಂದು ನಿಲ್ಲುವ ಜಾಗಕ್ಕೆ ತಾನೇ ಹೋಗಿ ಕೊಟ್ಟು ಬರತೊಡಗಿದಳು. ಮೇ ತಿಂಗಳಿಗೆ ಆ ಪಾಳಿಯೂ ನಿಂತಿತು.

ವಕೀಲರ ಕಾಗದ ಮತ್ತೆ ಬರಲಿಲ್ಲ. ಬದಲಿಗೆ ಮೇ ತಿಂಗಳ ಒಂದು ಗುರುವಾರ ಮಧ್ಯಾಹ್ನ ಬ್ರಾಕ್ಸ್‌ಟನ್ ತಾನೇ ಬಂದ. ಐಸಿಲ್ಡಾ ಆತನ ಶೂ ಬಿಚ್ಚಿಸಿಯೇ ಒಳಗೆ ಬಿಟ್ಟಳು. ಕಾಲುಚೀಲದಲ್ಲಿ ಆತ ಪ್ಲಾಸ್ಟಿಕ್ ಸೋಫಾದ ಅಂಚಿಗೆ ಕೂತ. ಅಲ್ಲಾಡಿದಾಗಲೆಲ್ಲ ಅದು ಕಿರುಗುಟ್ಟುತ್ತಿತ್ತು. ಎವರಾಲ್ಡ್ ರಜೆಯಲ್ಲಿ ಮನೆಯಲ್ಲೇ ಇದ್ದ. ಬ್ರಾಕ್ಸ್‌ಟನ್ ಮೊದಲು ಕೋಣೆಯನ್ನು ಹೊಗಳಿದ. ಆಮೇಲೆ ವಿಷಯಕ್ಕೆ ಬಂದ. ಕಿಟಕಿಯಲ್ಲಿದ್ದವನ್ನು ತೆಗೆಸಿದ್ದೇನೆ, ಕೆಳಗಿನಿಂದ ಹೆಣೆಯುವುದು ನಮ್ಮ ಮೇಜಿನವರಿಗೆ ಕೂಡಿಬರುತ್ತಿಲ್ಲ, ನೀನೇ ಮಾಡಿಕೊಡು. ತಿಂಗಳಿಗೆ ಇಪ್ಪತ್ತು ಕಡಗ, ವರ್ಷದುದ್ದಕ್ಕೂ, ಒಳ್ಳೆಯ ಬೆಲೆಗೆ. ಮೊಹರು ಮಾತ್ರ ನಮ್ಮದು.

ಬೆಲೆ ನಿಜವಾಗಿ ಒಳ್ಳೆಯದೇ ಇತ್ತು. ಮರ್ಲೀನ್ ಗಂಡನ ಕಡೆ ನೋಡಲಿಲ್ಲ. ನೋಡಿದರೆ ಅವನ ಮಂಡಿ ಕಣ್ಣಿಗೆ ಬೀಳುತ್ತದೆಂದು ಅವಳಿಗೆ ಗೊತ್ತಿತ್ತು.

"ನನ್ನ ಮೊಹರು ಬಿದ್ದದ್ದು ಮಾತ್ರ ಈ ಮನೆಯಿಂದ ಹೊರಗೆ ಹೋಗೋದು, ಮಿಸ್ಟರ್ ಬ್ರಾಕ್ಸ್‌ಟನ್," ಎಂದಳು.

ಆತ ಎವರಾಲ್ಡ್ ಕಡೆ ತಿರುಗಿದ. ನೀವಾದರೂ ಹೇಳಿ, ಸಂಸಾರಸ್ಥರು, ನಿಮಗೆ ಅರ್ಥವಾಗುತ್ತದೆ ಎಂದ.

ಎವರಾಲ್ಡ್ ಸ್ವಲ್ಪ ಹೊತ್ತು ಕಾಲು ನೀವಿಕೊಂಡ. "ನಾನು ಬಸ್ಸು ಓಡಿಸೋನು," ಎಂದ. "ನನ್ನ ಸ್ಟೀರಿಂಗಿಗೆ ಯಾರಾದ್ರೂ ಕೈ ಹಾಕಿದ್ರೆ ಇಳಿಸಿಬಿಡ್ತೀನಿ. ಇದು ಅವಳ ಬಸ್ಸು."

ಬ್ರಾಕ್ಸ್‌ಟನ್ ಎದ್ದ. ಬಾಗಿಲಲ್ಲಿ ಶೂ ಹಾಕಿಕೊಳ್ಳುತ್ತ, ಹಾಗಾದರೆ ಒಂದೇ ಒಂದು ಕಡಗ ಮಾರು, ಸುಮ್ಮನೆ ನನ್ನ ಹತ್ತಿರ ಇರಲಿ ಎಂದ.

"ಹಾಕ್ಕೊಳ್ಳೋರಿಗೆ ಮಾತ್ರ ಕೊಡೋದು. ಅಳತೆ ತಗೋತೀನಿ, ಕೈ ಚಾಚಿ," ಎಂದಳು ಮರ್ಲೀನ್, ಅಳತೆಯ ಪಟ್ಟಿ ಹಿಡಿದು. "ನಿಮ್ಮ ಮುಂದೆ ಹದಿನೇಳು ಜನ ಇದಾರೆ. ಏಳು ವಾರ ಕಾಯ್ಬೇಕು."

ಆತನ ಕೈ ಅರ್ಧ ಮೇಲೆ ಬಂತು. ಆಮೇಲೆ ಆತ ಅದನ್ನು ಕೋಟಿನ ಜೇಬಿಗೆ ಹಾಕಿಕೊಂಡು ಮೆಟ್ಟಿಲಿಳಿದ.

ಮರ್ಲೀನ್ ಮೇಜಿಗೆ ಬಂದು ಕೂತಳು. ಆ ವಾರದ ಏಳು ಕಡಗಗಳು ಮೊಹರಿಗಾಗಿ ಸಾಲಾಗಿ ಕಾದಿದ್ದವು. ಮೊದಲನೆಯದನ್ನು ಕಬ್ಬಿಣದ ಅಡಿಗಲ್ಲಿನ ಮೇಲಿಟ್ಟು, ಅಕ್ಷರದ ಅಚ್ಚನ್ನು ನೆಟ್ಟಗೆ ಹಿಡಿದು, ಸುತ್ತಿಗೆಯಿಂದ ಒಂದೇ ಏಟು ಕೊಟ್ಟಳು. ತೆರೆದ ಕಿಟಕಿಯಿಂದ ಸದ್ದು ರಸ್ತೆಗೆ ಹೋಯಿತು. ಎರಡನೆಯದು. ಮೂರನೆಯದು. ಐಸಿಲ್ಡಾ ಸೋಫಾದ ಮೇಲೆ, ಆತ ಕೂತಿದ್ದ ಜಾಗವನ್ನು ಬಟ್ಟೆಯಿಂದ ಒರೆಸಿ ಕೂತುಕೊಂಡು, ಕತ್ತು ಉದ್ದ ಮಾಡಿ ಹೊರಗೆ ನೋಡುತ್ತಿದ್ದಳು.

"ಇನ್ನೂ ಜೋರಾಗಿ ಹೊಡಿ," ಎಂದಳು. "ಮೂಲೆ ತಿರುಗ್ತಾ ಇದಾನೆ."